ಮಗಳ ಮೇಲೆ ಕಣ್ಣಿಟ್ಟಿದ್ದೀರಿ, ಮನೆಯ ಮೇಲೆ?

ಓದುಗರ ಪ್ರಶ್ನೆ, ಆಪ್ತಸಮಾಲೋಚಕಿಯ ಉತ್ತರ

ಎಸ್ಸೆಸ್ಸೆಲ್ಸಿ, ಪ್ಲಸ್ ಟು ಫಲಿತಾಂಶ ಬಂದ ಮೇಲೆ ನಮಗೆ ಬರುವ ಪತ್ರಗಳ ಬಣ್ಣವೇ ಬೇರೆ. ಈ ಸಲ ಹೆಚ್ಚಿನವು ಒಂದೇ ವಿಷಯದವು: ಸಾಯುವ ಯೋಚನೆ ಬರುವ ಮಕ್ಕಳನ್ನು ಮನೆಯಲ್ಲಿ ಹೇಗೆ ಕಾಪಾಡುವುದು. ಹಾಗಾಗಿ ಪುಟವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ. ಬರೆದವರ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಾವು ಕಾಸರಗೋಡಿನ ಪೆರ್ಲದ ಹತ್ತಿರದವರು. ಅಡಿಕೆ ತೋಟ, ಸ್ವಲ್ಪ ರಬ್ಬರ್. ಮಗಳಿಗೆ 17 ವರ್ಷ. ಕಳೆದ ತಿಂಗಳು ಮನೆಯಲ್ಲಿದ್ದ ಮಾತ್ರೆ ನುಂಗಿದ್ದಳು. ಬೇಗ ಗೊತ್ತಾಯಿತು, ಮಂಗಳೂರಿಗೆ ಕರೆದುಕೊಂಡು ಹೋದೆವು, ದೇವರು ದೊಡ್ಡವನು, ಉಳಿದಳು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟ್ರು "ಜಾಗ್ರತೆ ನೋಡಿಕೊಳ್ಳಿ" ಅಂದರು. ಜಾಗ್ರತೆ ಅಂದರೆ ಎಂತ ಮಾಡುವುದು? ರಾತ್ರಿ ಅವಳ ಪಕ್ಕದಲ್ಲೇ ಮಲಗುತ್ತೇನೆ, ನಿದ್ದೆ ಇಲ್ಲ. ಅವಳು ಸ್ನಾನಕ್ಕೆ ಹೋದರೆ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಾ ಇರುತ್ತೇನೆ. ಎಷ್ಟು ದಿನ ಹೀಗೆ?

ಉತ್ತರ: "ಜಾಗ್ರತೆ" ಅಂತ ಒಂದು ಮಾತು ಹೇಳಿ ಕಳಿಸಿಬಿಡುವುದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಏನು ತಿನ್ನಬೇಕು, ಏನು ಬಿಡಬೇಕು ಅಂತ ಚೀಟಿಯಲ್ಲಿ ಬರೆದು ಕೊಡುತ್ತಾರಲ್ವಾ? ಇದಕ್ಕೂ ಹಾಗೆ ಬರೆದು ಕೊಡಬಹುದಿತ್ತು. ಇರಲಿ, ನಾನು ಬರೆಯುತ್ತೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಸಾಯಬೇಕು ಅನ್ನುವ ಯೋಚನೆ ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತಿರಬಹುದು, ಆದರೆ ಅದು ತಡೆಯಲಾರದಷ್ಟು ಜೋರಾಗುವ ಹೊತ್ತು ಸಾಮಾನ್ಯವಾಗಿ ಬಹಳ ಚಿಕ್ಕದು. ಅಮೆರಿಕದ ಹೂಸ್ಟನ್‌ನಲ್ಲಿ ಸಾವಿನ ಬಾಗಿಲಿನಿಂದ ವಾಪಸು ಬಂದ 13ರಿಂದ 34 ವರ್ಷದವರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿದ್ದರು. 2001ರಲ್ಲಿ ಪ್ರಕಟವಾಯಿತು. ನಿರ್ಧಾರ ಮಾಡಿದ್ದಕ್ಕೂ ಕೈ ಹಾಕಿದ್ದಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಅಂತ ಅವರಲ್ಲಿ ಸುಮಾರು ಕಾಲು ಭಾಗದವರು ಹೇಳಿದ್ದಾರೆ. ಐದು ನಿಮಿಷ ಅಂದರೆ ನೀವು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬರುವಷ್ಟು ಹೊತ್ತು. ಎಷ್ಟೇ ಕಣ್ಣಿಟ್ಟರೂ ಅಷ್ಟು ಹೊತ್ತು ತಪ್ಪಿ ಹೋಗುತ್ತದೆ. ಅದು ನಿಮ್ಮ ತಪ್ಪಲ್ಲ, ಯಾರಿಂದಲೂ ಆಗದ ಕೆಲಸ ಅದು. ಆದ್ದರಿಂದ ಆ ಹೊತ್ತಿನಲ್ಲಿ ಅವಳ ಕೈಗೆ ಅಪಾಯದ್ದು ಏನೂ ಸಿಗಬಾರದು. ಮನೆಯನ್ನು ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ.

ಮಾತ್ರೆಗಳಿಂದ ಶುರು ಮಾಡಿ. ನಮ್ಮ ಕಡೆಯ ಮನೆಗಳಲ್ಲಿ ಮಾತ್ರೆ ಎಲ್ಲಿರುತ್ತದೆ ಅಂತ ನನಗೆ ಗೊತ್ತು. ಫ್ರಿಜ್ಜಿನ ಮೇಲೆ ಒಂದು ಹಳೇ ಬಿಸ್ಕತ್ತಿನ ಡಬ್ಬ. ಅದರಲ್ಲಿ ಅಜ್ಜನ ಬಿ.ಪಿ. ಮಾತ್ರೆ, ಅಜ್ಜಿಯ ಶುಗರಿನದ್ದು, ಎರಡು ವರ್ಷದ ಹಿಂದಿನ ಜ್ವರದ್ದು, ಹೆಸರು ಹರಿದುಹೋದ ಅರ್ಧ ಸ್ಟ್ರಿಪ್‌ಗಳು, ಯಾರೋ ಗಲ್ಫಿನಿಂದ ತಂದ ನೋವಿನ ಮಾತ್ರೆ. ಅಜ್ಜಿಯ ದಿಂಬಿನ ಅಡಿಯಲ್ಲಿ ಇನ್ನೊಂದಿಷ್ಟು. ನಿಮ್ಮ ವ್ಯಾನಿಟಿ ಬ್ಯಾಗಿನಲ್ಲೂ ಇದೆ, ನೋಡಿ. ಎಲ್ಲ ತಂದು ಊಟದ ಮೇಜಿನ ಮೇಲೆ ಸುರಿಯಿರಿ. ಅವಧಿ ಮುಗಿದದ್ದು, ಬೇಡದ್ದು, ಯಾಕೆ ತಂದದ್ದು ಅಂತ ನೆನಪಿಲ್ಲದ್ದು, ಇವೆಲ್ಲ ಇವತ್ತೇ ಮನೆಯಿಂದ ಹೊರಗೆ. ತೋಡಿಗೆ, ಬಾವಿಯ ಬದಿಗೆ ಎಸೆಯಬೇಡಿ, ಮೆಡಿಕಲ್‌ನವರನ್ನು ಕೇಳಿ ವಿಲೇವಾರಿ ಮಾಡಿ. ಉಳಿದದ್ದು ಬೀಗ ಇರುವ ಒಂದೇ ಜಾಗದಲ್ಲಿರಲಿ. ಅಜ್ಜ ಅಜ್ಜಿಗೆ ಆ ದಿನದ್ದನ್ನು ಆ ದಿನ ಒಬ್ಬರು ಕೈಯಲ್ಲಿ ಕೊಡಲಿ. ಮಗಳಿಗೆ ಬರೆದುಕೊಟ್ಟ ಮಾತ್ರೆಯೂ ಹಾಗೇ. ಡಾಕ್ಟ್ರ ಹತ್ತಿರ "ತಿಂಗಳಿಗೆ ಬೇಡ, ವಾರಕ್ಕೆ ಸಾಕಾಗುವಷ್ಟೇ ಬರೆಯಿರಿ" ಅಂತ ಕೇಳಬಹುದು, ಅವರಿಗೆ ಅದು ಹೊಸದೇನಲ್ಲ. "ಇದು ಸಾದಾ ಮಾತ್ರೆ, ಏನೂ ಆಗುವುದಿಲ್ಲ" ಅಂತ ಯಾವುದನ್ನೂ ಹೊರಗೆ ಬಿಡಬೇಡಿ.

ಇನ್ನು ತೋಟದ ಕೊಟ್ಟಿಗೆ. ಹುಲ್ಲಿನ ಮದ್ದು, ಇಲಿ ಪಾಷಾಣ, ರಬ್ಬರ್ ಶೀಟಿನ ಆಸಿಡ್, ಕೊಳೆರೋಗದ ಮದ್ದಿಗೆ ತಂದು ಮಿಕ್ಕಿದ ಮೈಲುತುತ್ತು. ಒಂದೂ ಮನೆಯ ಆವರಣದಲ್ಲಿ ಬೇಡ ಅಂತ ನಾನು ಹೇಳುತ್ತೇನೆ. ಯಜಮಾನರು ಗೊಣಗಬಹುದು. "ಮಳೆಗಾಲ ಬಂತು, ಮದ್ದು ಬಿಡದಿದ್ದರೆ ಅಡಿಕೆ ಉದುರುತ್ತದೆ" ಅನ್ನುತ್ತಾರೆ. ಮದ್ದು ಬಿಡಲಿ, ಯಾರು ಬೇಡ ಅಂದರು? ಬಿಡುವ ದಿನ ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟೇ ಬರಲಿ, ಸಂಜೆ ಉಳಿದರೆ ವಾಪಸು ಹೋಗಲಿ. ತೋಟ ಇರುವ ಅಣ್ಣನ ಮನೆಯಲ್ಲೋ ಭಾವನ ಮನೆಯಲ್ಲೋ ಬೀಗದೊಳಗೆ ಇಡಲು ಹೇಳಿ, ಆದರೆ ಅಲ್ಲೂ ಮಕ್ಕಳಿದ್ದಾರಾ ನೋಡಿಕೊಳ್ಳಿ. ಹಳೆಯದು ಏನು ಮಾಡುವುದು ಅಂತ ಗೊತ್ತಾಗದಿದ್ದರೆ ಕೃಷಿ ಭವನದಲ್ಲಿ ಕೇಳಿ. ಜ್ಯೂಸಿನ ಬಾಟಲಿಗೆ ಬಗ್ಗಿಸಿ ಇಡುವ ಅಭ್ಯಾಸ ಇದ್ದರೆ ಅದನ್ನಂತೂ ಇವತ್ತೇ ನಿಲ್ಲಿಸಿ. ಮನೆಯಲ್ಲಿ ಯಾರಾದರೂ ಕುಡಿಯುವವರಿದ್ದರೆ ಆ ಬಾಟಲಿಯೂ ಹೊರಗೆ ಹೋಗಲಿ. ಕುಡಿದ ತಲೆಗೆ ತಡೆದುಕೊಳ್ಳುವ ಶಕ್ತಿ ಕಡಿಮೆ, ಎಳೆಯರಿಗಂತೂ ಇನ್ನೂ ಕಡಿಮೆ. ಬಾವಿಗೆ ಕಬ್ಬಿಣದ ಬಲೆ ಹಾಕಿಸಿ ಬೀಗ ಹಾಕಿ.

ಈಗ ಬೀಗದ ಕೈ. ಗೋದ್ರೆಜ್ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕಿದರೆ ಅದಕ್ಕೆ ಬೀಗ ಅನ್ನುವುದಿಲ್ಲ. ಮನೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಸೀರೆಯ ಮಡಿಕೆಯ ನಡುವಿನ ಕೀಲಿಯೂ ಗೊತ್ತು, ಅಕ್ಕಿ ಡಬ್ಬದ ತಳದ ಕೀಲಿಯೂ ಗೊತ್ತು. ಕೀಲಿ ಒಬ್ಬರ ಮೈಮೇಲೆ ಇರಬೇಕು. ನಂಬರ್ ಲಾಕ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಅವಳ ಹುಟ್ಟಿದ ದಿನವನ್ನೇ ನಂಬರ್ ಮಾಡಬೇಡಿ. ನಗಬೇಡಿ, ಎಷ್ಟೋ ಮನೆಯಲ್ಲಿ ಹಾಗೇ ಮಾಡಿರುತ್ತಾರೆ.

ಇದನ್ನೆಲ್ಲ ಅವಳಿಗೆ ಗೊತ್ತಾಗದ ಹಾಗೆ ಮಾಡಬೇಕಾ? ಬೇಡ. ಕದ್ದು ಮಾಡಿದರೆ ಅವಳಿಗೆ ಗೊತ್ತಾಗಿಯೇ ಆಗುತ್ತದೆ, ಆಗ "ನನ್ನನ್ನು ಕಳ್ಳಿಯ ಹಾಗೆ ನೋಡುತ್ತಾರೆ" ಅನಿಸುತ್ತದೆ. ಕೂರಿಸಿ ನೇರ ಹೇಳಿ. "ಮಗಾ, ನಿನಗೆ ಮತ್ತೆ ಆ ಯೋಚನೆ ಬರಬಹುದು ಅಂತ ಡಾಕ್ಟ್ರು ಹೇಳಿದ್ದಾರೆ. ಬಂದರೆ ಅದು ನಿನ್ನ ತಪ್ಪಲ್ಲ. ಆ ಹೊತ್ತಿಗೆ ನಿನ್ನ ಕೈಗೆ ಏನೂ ಸಿಗದಿರಲಿ ಅಂತ ಇದನ್ನೆಲ್ಲ ತೆಗೆದಿಡುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ." ಇಷ್ಟು ಸಾಕು, ಭಾಷಣ ಬೇಡ. ಆಮೇಲೆ "ನಾನು ಮರೆತದ್ದು ಏನಾದರೂ ಉಂಟಾ?" ಅಂತ ಅವಳನ್ನೇ ಕೇಳಿ. ಸುಮ್ನೆ ಕೂತರೆ ಒತ್ತಾಯ ಬೇಡ. ಕೆಲವು ಮಕ್ಕಳು ಎರಡು ದಿನ ಬಿಟ್ಟು ತಾವೇ ಒಂದು ಸ್ಟ್ರಿಪ್ ತಂದು ಕೈಯಲ್ಲಿಡುತ್ತಾರೆ. ಆಗ "ಇದನ್ನು ಯಾಕೆ ಇಟ್ಟುಕೊಂಡಿದ್ದೆ" ಅಂತ ಕೇಳಬೇಡಿ. ತೆಗೆದುಕೊಳ್ಳಿ, ತಲೆ ಸವರಿ, ಅಷ್ಟೇ.

ಸ್ನಾನದ ಮನೆಯ ವಿಷಯ. ಬಾಗಿಲ ಹೊರಗೆ ನಿಂತದ್ದು ಅವಳಿಗೂ ಗೊತ್ತಿರುತ್ತದೆ. ಅದರ ಬದಲು ಇಬ್ಬರೂ ಸೇರಿ ಒಂದು ಮಾತು ಮಾಡಿಕೊಳ್ಳಿ. ಮನಸ್ಸು ಸರಿ ಇಲ್ಲದ ದಿನ ಒಳಗಿನ ಚಿಲಕ ಹಾಕುವುದಿಲ್ಲ, ಕೋಣೆಯಲ್ಲಿ ಒಬ್ಬಳೇ ಇರುವುದಿಲ್ಲ, "ಇವತ್ತು ಕಷ್ಟದ ದಿನ" ಅಂತ ಒಂದು ಮಾತು ಹೇಳುತ್ತಾಳೆ. ಹೇಳಿದ ದಿನ ಅವಳನ್ನು ಒಂಟಿಯಾಗಿ ಬಿಡಬೇಡಿ. ಮಿಕ್ಕ ದಿನ ಸ್ವಲ್ಪ ಸಡಿಲ ಬಿಡಿ.

ಎಷ್ಟು ದಿನ ಅಂತ ಕೇಳಿದಿರಿ. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ವಾರಗಳು, ತಿಂಗಳುಗಳು ಎಲ್ಲಕ್ಕಿಂತ ಅಪಾಯದವು, ಅಷ್ಟು ಕಾಲ ಚಿಕಿತ್ಸೆ ತಪ್ಪಲೇಬಾರದು. ಬೀಗ ಮಾತ್ರ ವರ್ಷಗಟ್ಟಲೆ ಇದ್ದರೂ ನಷ್ಟವಿಲ್ಲ. ನೀವು ಒಬ್ಬರೇ ರಾತ್ರಿ ಎದ್ದಿರಬೇಡಿ. ಯಜಮಾನರು, ಅತ್ತೆ, ನಿಮ್ಮ ತಂಗಿ, ಯಾರಾದರೂ ಸರದಿ ಹಿಡಿಯಲಿ. ನಿದ್ದೆ ಕೆಟ್ಟ ತಾಯಿಗೆ ಸಿಟ್ಟು ಬೇಗ ಬರುತ್ತದೆ, ಈಗ ಆ ಮನೆಯಲ್ಲಿ ಸಿಟ್ಟು ಬೇಡ.

ಇನ್ನೊಂದು. ಏನಾದರೂ ಸೇವಿಸಿದ್ದಾಳೆ ಅಂತ ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಬಾಟಲಿಯೋ ಸ್ಟ್ರಿಪ್ಪೋ ಇದ್ದರೆ ಜೊತೆಗೆ ಒಯ್ಯಿರಿ. ನೋಡಲು ಚೆನ್ನಾಗಿದ್ದಾಳೆ ಅಂತ ನಿಲ್ಲಬೇಡಿ, ಕೆಲವು ತಡವಾಗಿ ಮೈಗೆ ಏರುತ್ತವೆ.

ಪ್ರಶ್ನೆ: ಮೇಡಂ, ನಾನು ನಿವೃತ್ತ ಅಧ್ಯಾಪಕ, ಮಂಜೇಶ್ವರ. ಬೀಗ ಹಾಕಿ, ಮದ್ದು ತೆಗೆದಿಡಿ ಅಂತ ನೀವು ಹಿಂದೆಯೂ ಬರೆದಿದ್ದಿರಿ. ಸಾಯಲೇಬೇಕು ಅಂತ ಹೊರಟವರು ಒಂದಲ್ಲ ಒಂದು ದಾರಿ ಹುಡುಕುತ್ತಾರೆ. ಇದೆಲ್ಲ ನಮ್ಮ ಸಮಾಧಾನಕ್ಕೆ ಮಾತ್ರ ಅಲ್ವಾ?

ಉತ್ತರ: ಮೇಷ್ಟ್ರೇ, ಈ ಮಾತನ್ನು ಓದಿದವರೂ ಹೇಳುತ್ತಾರೆ, ಓದದವರೂ ಹೇಳುತ್ತಾರೆ. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ.

ಶ್ರೀಲಂಕಾ ನೋಡಿ. ತೊಂಬತ್ತರ ದಶಕದಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ತೀರಾ ಮೇಲಿತ್ತು. ಅತಿ ವಿಷದ ಕೀಟನಾಶಕಗಳನ್ನು ಸರಕಾರ ಒಂದೊಂದಾಗಿ ನಿಲ್ಲಿಸುತ್ತಾ ಬಂತು. 1995ರಿಂದ 2015ರ ನಡುವೆ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು, 93,000 ಜೀವ ಉಳಿದಿರಬಹುದು ಅಂತ ಅಂದಾಜು. ಅಲ್ಲಿಯವರ ಕಷ್ಟ, ಸಾಲ, ಜಗಳ ಎಲ್ಲ ಮಾಯವಾಯಿತಾ? ಇಲ್ಲ. ಕೈಗೆ ಸಿಗುವ ವಿಷ ಬದಲಾಯಿತು. ದೂರ ಹೋಗುವುದೇ ಬೇಡ. ಎಂಡೋಸಲ್ಫಾನ್ ಕೀಟನಾಶಕ ಅಂದರೆ ಏನು ಅಂತ ಅದರಿಂದ ನರಳಿದ ನಮ್ಮ ಎಣ್ಮಕಜೆ, ಪಡ್ರೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಅದೇ ವರ್ಷ ಕೇರಳ ಸರಕಾರ ಬೇರೆ ಹಲವು ಅತಿ ವಿಷದ ಕೀಟನಾಶಕಗಳನ್ನೂ ನಿಷೇಧಿಸಿತು. ಆಮೇಲೆ ಕೇರಳದಲ್ಲಿ ಕೀಟನಾಶಕದಿಂದಾಗುವ ಆತ್ಮಹತ್ಯೆ ಕಡಿಮೆಯಾದದ್ದನ್ನು ಸಂಶೋಧಕರು ಗುರುತಿಸಿದ್ದಾರೆ.

ಇನ್ನೊಂದು ಲೆಕ್ಕ. ಒಮ್ಮೆ ಪ್ರಯತ್ನಿಸಿ ಬದುಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. "ಹೊರಟವರು ಹೋಗಿಯೇ ಹೋಗುತ್ತಾರೆ" ಅನ್ನುವುದು ನಿಜವಾಗಿದ್ದರೆ ಈ ಲೆಕ್ಕ ಹೀಗೆ ಬರುತ್ತಲೇ ಇರಲಿಲ್ಲ.

ಆದರೆ ನಿಮ್ಮ ಅನುಮಾನದಲ್ಲಿ ಒಂದು ತೂಕ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅದೇ ಶ್ರೀಲಂಕಾದಲ್ಲಿ 180 ಹಳ್ಳಿಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳ ಮನೆಗಳಿಗೆ ಕೀಟನಾಶಕ ಇಡಲು ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ವಿಷ ಸೇವನೆ ಕಡಿಮೆಯಾಗಿರಲಿಲ್ಲ. ಊರಿಗೆಲ್ಲ ಪೆಟ್ಟಿಗೆ ಹಂಚಿದರೆ ಕೆಲಸ ಮುಗಿಯುವುದಿಲ್ಲ ಅಂತಲೇ ನಾನು ಇದನ್ನು ಓದುತ್ತೇನೆ. ಹಾಗಾಗಿಯೇ ಪೆರ್ಲದ ತಾಯಿಗೆ "ಕೊಟ್ಟಿಗೆಗೆ ಬೀಗ ಹಾಕಿ" ಅನ್ನದೆ "ಕೊಟ್ಟಿಗೆಯಲ್ಲಿ ಇಡಲೇಬೇಡಿ" ಅಂತ ಬರೆದದ್ದು. ಆಗದೇ ಇದ್ದಲ್ಲಿ ಮಾತ್ರ ಬೀಗ.

ಎಲ್ಲವನ್ನೂ ಬಚ್ಚಿಡಲು ಆಗುವುದಿಲ್ಲ, ಅದು ನನಗೂ ಗೊತ್ತು. ಬಚ್ಚಿಡಲಾಗದ ಕಡೆ ಜನ ಜೊತೆಗಿರಬೇಕು.

ಪ್ರಶ್ನೆ: ಮುಳ್ಳೇರಿಯದ ಕಡೆಯವನು. ಮಗನಿಗೆ 21. ಬೆಂಗಳೂರಿನ ಕೆಲಸ ಬಿಟ್ಟು ಬಂದು ಕೂತಿದ್ದಾನೆ. ಮಾತಿಲ್ಲ, ಊಟ ಸರಿ ಇಲ್ಲ. "ನಾನು ಇದ್ದು ಯಾರಿಗೆ ಪ್ರಯೋಜನ" ಅಂತ ತಂಗಿಯ ಹತ್ತಿರ ಅಂದನಂತೆ. ನಮ್ಮಲ್ಲಿ ಹಂದಿ, ಮಂಗ ಓಡಿಸಲು ಲೈಸೆನ್ಸಿನ ಕೋವಿ ಇದೆ. ಅಟ್ಟದಲ್ಲಿ ಗೋಣಿಯಲ್ಲಿ ಸುತ್ತಿ ಅಡಗಿಸಿಟ್ಟಿದ್ದೇನೆ, ಅವನಿಗೆ ಗೊತ್ತಿಲ್ಲ. ಸಾಕಲ್ವಾ?

ಉತ್ತರ: ಸಾಲದು. ಮತ್ತೆ, ಅವನಿಗೆ ಗೊತ್ತಿದೆ. ಚಿಕ್ಕವನಿದ್ದಾಗ ಅದೇ ಅಟ್ಟದಲ್ಲಿ ಅಡಗಿ ಆಡಿದವನು ಅವನು.

ಚುನಾವಣೆ ಬಂದಾಗ ಎಂತ ಮಾಡುತ್ತೀರಿ? ಕೋವಿ ತೆಗೆದುಕೊಂಡು ಹೋಗಿ ಠಾಣೆಯಲ್ಲಿ ಕೊಟ್ಟು, ರಶೀದಿ ಮಡಚಿ ಕಿಸೆಗೆ ಹಾಕಿಕೊಂಡು ಬರುತ್ತೀರಿ. ಎರಡು ತಿಂಗಳು ಹಂದಿ ಬಂದರೆ ಪಟಾಕಿ ಹೊಡೆದು, ಡಬ್ಬ ಬಡಿದು ಹೇಗೋ ಸುಧಾರಿಸುತ್ತೀರಿ. ಈಗಲೂ ಹಾಗೇ ಮಾಡಿ. ಠಾಣೆಯಲ್ಲಿ ಕೇಳಿ, ಇಲ್ಲವೇ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಿ. "ಕೆಲವು ತಿಂಗಳು ಮನೆಯಲ್ಲಿ ಇಡುವ ಹಾಗಿಲ್ಲ" ಅಂದರೆ ಸಾಕು, ಮಗನ ಕಥೆ ಹೇಳಬೇಕಾಗಿಲ್ಲ. ಲೈಸೆನ್ಸ್ ಇಲ್ಲದ ನೆರೆಮನೆಯವರ ಕೈಗೆ ಮಾತ್ರ ಕೊಡಬೇಡಿ, ಕಾನೂನು ಒಪ್ಪುವುದಿಲ್ಲ. ತೋಟೆಯೂ ಕೋವಿಯ ಜೊತೆಗೇ ಹೋಗಲಿ. ಕೊಟ್ಟು ಬರುವ ತನಕ ಅದು ಅಟ್ಟದಲ್ಲಿ ಬೇಡ, ಬೀಗದೊಳಗಿರಲಿ, ತೋಟೆ ಬೇರೆ ಕಡೆ ಬೀಗದೊಳಗಿರಲಿ.

ಎರಡು ಹಂದಿ ಬಂದು ನಾಲ್ಕು ಬಾಳೆಗಿಡ ಉರುಳಿಸಿದರೆ ಉರುಳಿಸಲಿ ಅಣ್ಣ.

ತಂಗಿಯ ಹತ್ತಿರ ಅಂದ ಆ ಮಾತನ್ನು ಗಾಳಿಮಾತು ಅಂತ ಬಿಡಬೇಡಿ. ಇವತ್ತು ಸಂಜೆ ಅವನ ಪಕ್ಕ ಹೋಗಿ ಕೂತುಕೊಳ್ಳಿ. ಕೆಲಸದ ವಿಷಯ ಎತ್ತಬೇಡಿ. "ಸಾಯುವ ಯೋಚನೆ ಬರುತ್ತಿದೆಯಾ?" ಅಂತ ಕೇಳಿ, ಉತ್ತರ ಏನೇ ಬಂದರೂ ಬೈಯಬೇಡಿ. ಈ ವಾರವೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಹೇಗೆ ಮಾಡಿಕೊಳ್ಳುತ್ತೇನೆ ಅಂತ ಯೋಚಿಸಿಟ್ಟಿದ್ದರೆ ಈ ರಾತ್ರಿಯೇ ಆಸ್ಪತ್ರೆಗೆ.

ಪ್ರಶ್ನೆ: ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗುವುದಿಲ್ವಾ? (ಕುಂಬಳೆಯ ಓದುಗರು)

ಉತ್ತರ: ಆಗುವುದಿಲ್ಲ. ಇದನ್ನು ಬೇಕಾದಷ್ಟು ಅಧ್ಯಯನಗಳಲ್ಲಿ ನೋಡಿಯಾಗಿದೆ. ಕೇಳಿದ್ದರಿಂದ ಯೋಚನೆ ಹೆಚ್ಚಾಗುವುದಿಲ್ಲ, ಎಷ್ಟೋ ಮಕ್ಕಳಿಗೆ ಹಗುರವಾಗುತ್ತದೆ. "ಅಂಥದ್ದೇನೂ ಇಲ್ಲ ಅಲ್ವಾ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಯಾವ ಮಗುವೂ "ಇದೆ" ಅನ್ನುವುದಿಲ್ಲ.

ಪ್ರಶ್ನೆ: ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ, ನಾಳೆ ಪಾಸ್‌ಪೋರ್ಟಿಗೆ, ಮದುವೆಗೆ ತೊಂದರೆ ಅಂತ ದೊಡ್ಡಪ್ಪ ಹೇಳುತ್ತಾರೆ. ಅದಕ್ಕೇ ಸುಮ್ಮನಿದ್ದೇವೆ. (ಬದಿಯಡ್ಕ)

ಉತ್ತರ: ದೊಡ್ಡಪ್ಪನವರು ಹಳೇ ಕಾನೂನಿನಲ್ಲಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡುವ ಹಾಗಿಲ್ಲ, ಆರೈಕೆ ಕೊಡುವುದು ಸರಕಾರದ ಹೊಣೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅವರು ಬಂದು ಹೇಳಿಕೆ ಬರೆದುಕೊಳ್ಳಬಹುದು. ಅದು ರೂಢಿ. ಅದಕ್ಕೆ ಹೆದರಿ ಚಿಕಿತ್ಸೆ ತಪ್ಪಿಸಬೇಡಿ. ಮದುವೆಯ ಚಿಂತೆಗೆ ಇನ್ನೂ ಸಮಯ ಇದೆ, ಮೊದಲು ಮಗು ಉಳಿಯಲಿ.

ಪ್ರಶ್ನೆ: ಸಹಾಯವಾಣಿಗೆ ಕರೆ ಮಾಡಿದರೆ ಮಲಯಾಳದಲ್ಲಿ ಮಾತಾಡುತ್ತಾರೆ. ಅಂಗಡಿ, ಬಸ್ಸು ಅಂದರೆ ಮಲಯಾಳ ಸಾಕು. ಮನಸ್ಸಿನ ಮಾತು ಆ ಭಾಷೆಯಲ್ಲಿ ನನಗೂ ಬರುವುದಿಲ್ಲ, ಕನ್ನಡ ಮೀಡಿಯಂನಲ್ಲಿ ಕಲಿತ ಮಗಳಿಗೂ ಬರುವುದಿಲ್ಲ. ಏನು ಮಾಡಲಿ? (ನೀರ್ಚಾಲು)

ಉತ್ತರ: ಗಡಿಯಲ್ಲಿ ಇರುವವರ ಈ ಕಷ್ಟ ತಿರುವನಂತಪುರಕ್ಕೂ ಕೇಳುವುದಿಲ್ಲ, ಬೆಂಗಳೂರಿಗೂ ಕೇಳುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ದಾರಿ ಇದೆ. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅಂತ ಹೆಸರು, ಕೇಂದ್ರ ಸರಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮಲಯಾಳ ಆಗುತ್ತದೆ ಅನ್ನುವವರಿಗೆ ಕೇರಳ ಸರಕಾರದ ದಿಶಾ, 1056. 18ರ ಒಳಗಿನ ಮಕ್ಕಳಿಗೆ 1098 ಕೂಡ ಇದೆ.

ಶಾಲೆಯಲ್ಲಿ ಕೌನ್ಸಿಲರ್ ಇದ್ದರೆ ಅವರಿಗೆ ಕನ್ನಡ ಬರುತ್ತದಾ ಅಂತ ಕ್ಲಾಸ್ ಟೀಚರನ್ನು ಕೇಳಿ. ಬಾರದಿದ್ದರೆ ಮಗಳು ನಂಬುವ ಕನ್ನಡದ ಟೀಚರು ಜೊತೆಗೆ ಕೂರಬಹುದಾ ಅಂತಲೂ ಕೇಳಿ, ಆದರೆ ಮಗಳು ಒಪ್ಪಿದರೆ ಮಾತ್ರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟ್ರು ಯಾವ ದಿನ ಯಾವ ಆಸ್ಪತ್ರೆಗೆ ಬರುತ್ತಾರೆ ಅನ್ನುವುದನ್ನು ನಿಮ್ಮ ಆಶಾ ಕಾರ್ಯಕರ್ತೆ ವಿಚಾರಿಸಿ ಹೇಳುತ್ತಾರೆ. ಅಲ್ಲಿ ನಮ್ಮ ಕಡೆಯ ನರ್ಸುಗಳು ಇದ್ದರೆ ಭಾಷೆಯ ಕಷ್ಟ ಅರ್ಧ ಇಳಿಯುತ್ತದೆ.

ಕರೆ ಮಾಡಲು ಮಗಳೇ ಆಗಬೇಕೆಂದಿಲ್ಲ. "ನನ್ನ ಮಗಳ ಬಗ್ಗೆ ಹೆದರಿಕೆ ಆಗುತ್ತಿದೆ, ಮನೆಯಲ್ಲಿ ಏನು ಮಾಡಲಿ" ಅಂತ ನೀವೂ 14416ಕ್ಕೆ ಕೇಳಬಹುದು. ಮೊದಲ ಸಲ ಸಿಕ್ಕಿದವರ ಮಾತು ಹಿಡಿಸದಿದ್ದರೆ ಇಟ್ಟುಬಿಡಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಿ, ಬೇರೆಯವರು ಸಿಗಬಹುದು.